ತಪ್ಪಾದರೆ ಏನು ಮಾಡಬೇಕೆಂಬ ಪುಟ

ಟೀಚರ್ ಸೀರೆಯ ಕೆಳಗೆ ಹುಡುಗರ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಡ್ರಿಲ್ಲಿಗೆ ಹಾಕುತ್ತಾರಲ್ಲ, ಅಂಥ ಬಿಳಿ ಶೂ. ಹಿಮ್ಮಡಿ ಒಡೆದು ಚಪ್ಪಲಿ ಮೆಟ್ಟಲು ಆಗುತ್ತಿರಲಿಲ್ಲವಂತೆ. ಕಾರಣ ಏನೇ ಇರಲಿ, ಅವರು ನಡೆದು ಬಂದರೆ ಸದ್ದೇ ಆಗುತ್ತಿರಲಿಲ್ಲ. ನಾವು ಹರಟುತ್ತಾ ಕೂತಿದ್ದರೆ ಬೆನ್ನ ಹಿಂದೆ ಚಟ್ ಅಂತ ಕಡಲೆಕಾಯಿ ಸಿಪ್ಪೆ ಒಡೆದ ಸದ್ದು ಕೇಳಿಸುತ್ತಿತ್ತು. ಅವರ ಬ್ಯಾಗಿನಲ್ಲಿ ಸದಾ ಕಡಲೆಕಾಯಿ ಇರುತ್ತಿತ್ತು, ಒಂದೇ ಕೈಯಲ್ಲಿ ಸುಲಿಯುತ್ತಿದ್ದರು. ಆ ಸದ್ದು ಕೇಳುವ ಹೊತ್ತಿಗೆ ನಮ್ಮ ಕಥೆ ಮುಗಿದಿರುತ್ತಿತ್ತು.

ಆಂಧ್ರದ ಕಲ್ಯಾಣದುರ್ಗದಲ್ಲಿ ಕನ್ನಡ ಓದುವ ಮಕ್ಕಳೇ ಕಡಿಮೆ. ತೆಲುಗು ಶಾಲೆಯ ಹಿಂಬದಿಯಲ್ಲಿ ನಮಗೆಲ್ಲ ಸೇರಿ ಒಂದು ಕೋಣೆ, ಒಬ್ಬರೇ ಟೀಚರ್. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಎಲ್ಲರೂ ಅಲ್ಲೇ. ಹಾಗಾಗಿ ನನಗಿಂತ ಎರಡು ಕ್ಲಾಸು ಮುಂದಿದ್ದ ಅಣ್ಣನೂ ನಾನೂ ಒಂದೇ ಕೋಣೆಯಲ್ಲಿ ಓದಿದೆವು. ಟೀಚರ್ ಪಾಠ ಮಾಡುವುದು ಕನ್ನಡದಲ್ಲಿ, ಬಯ್ಯುವುದು ತೆಲುಗಿನಲ್ಲಿ. "ಚೂಡು ಅಮ್ಮಾಯೀ", ಅಂದರೆ ನೋಡು ಹುಡುಗಿ, ಅಂತ ಶುರುವಾಯಿತೆಂದರೆ ನಮಗೆ ಚಡ್ಡಿ ಒದ್ದೆಯಾಗುವುದೊಂದು ಬಾಕಿ. ಆದರೆ ಊಟ ತರದ ಮಗು ಯಾವುದೆಂದು ಅವರಿಗೆ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಏನೂ ಕೇಳದೆ ತಮ್ಮ ಡಬ್ಬಿಯ ಮುಚ್ಚಳಕ್ಕೆ ಅರ್ಧ ಅನ್ನ ಹಾಕಿ ಅದರ ಮುಂದಿಡುತ್ತಿದ್ದರು. ನನ್ನ ಅಕ್ಷರ ದುಂಡಗಿದ್ದರೆ, ಇವತ್ತು ನಾಲ್ಕು ಸಾಲು ಬರೆಯಲು ಬರುತ್ತಿದ್ದರೆ ಅದು ಅವರಿಂದಲೇ.

ಅವರದೊಂದು ಪದ್ಧತಿ ಇತ್ತು. ಅವರದೇನು, ಆಗ ಎಲ್ಲ ಕಡೆಯೂ ಇತ್ತು. ದೊಡ್ಡ ಕ್ಲಾಸಿನವರಿಗೆ ಪ್ರಶ್ನೆ ಕೇಳುವುದು, ಅವರಿಗೆ ಬರದಿದ್ದರೆ ಚಿಕ್ಕವರನ್ನು ಕೇಳುವುದು. ಉತ್ತರ ಹೇಳಿದ ಚಿಕ್ಕವರು ಹೇಳದ ದೊಡ್ಡವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಟೀಚರ್ "ಗಟ್ಟಿಗಾ" ಅನ್ನುತ್ತಿದ್ದರು. ಗಟ್ಟಿಯೆಂದರೆ ಹೇಗೆಂದು ನಮ್ಮ ಕೆನ್ನೆಯ ಮೇಲೇ ತೋರಿಸುತ್ತಿದ್ದರು. ನಾನು ಚುರುಕು. ಅಣ್ಣನಿಗೆ ಬೋರ್ಡಿನ ಮೇಲಿನ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಹಾಗಾಗಿ ನಾನು ಮತ್ತೆ ಮತ್ತೆ ಅವನ ಮುಂದೆ ಹೋಗಿ ನಿಲ್ಲಬೇಕಾಗುತ್ತಿತ್ತು. ನಾನು ಕುಳ್ಳಿ, ಅವನು ಉದ್ದ. ನನಗೆ ಎಟಕುವುದಿಲ್ಲವೆಂದು ಅವನೇ ಬಗ್ಗುತ್ತಿದ್ದ.

ಐದನೇ ಕ್ಲಾಸಿಗೇ ಅವನು ಶಾಲೆ ಬಿಟ್ಟು ಮೋಟಾರು ವೈಂಡಿಂಗ್ ಕೆಲಸಕ್ಕೆ ಸೇರಿದ. ಈಗ ಪರಿಗಿಯಲ್ಲಿ ಅವನದೇ ಅಂಗಡಿ ಇದೆ. ನಾನು ಓದಿ, ಮದುವೆಯಾಗಿ ಹಿಂದೂಪುರಕ್ಕೆ ಬಂದೆ. ಟೀಚರನ್ನು ಮರೆತೇ ಬಿಟ್ಟಿದ್ದೆ, ನನ್ನ ಮಗನಿಗೆ ಒಂಬತ್ತು ತುಂಬುವವರೆಗೆ.

ಒಂಬತ್ತಾದರೂ ಅವನಿಗೆ ಓದಲು ಬರಲಿಲ್ಲ. ಇಂಗ್ಲಿಷು ಬಿಡಿ, ಮನೆಯ ಕನ್ನಡವೂ ಇಲ್ಲ, ಬೀದಿಯ ತೆಲುಗೂ ಇಲ್ಲ. ಅನಂತಪುರದಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಬುದ್ಧಿಗೇನೂ ಕಮ್ಮಿಯಿಲ್ಲ, ಅಕ್ಷರವನ್ನು ಹಿಡಿಯುವುದೊಂದೇ ಕಷ್ಟ, ಕೆಲವು ವರ್ಷ ಮನೆಯಲ್ಲೇ ಇವನಿಗೆ ಹೊಂದುವ ಪಠ್ಯ ಆರಿಸಿಕೊಂಡು ಕಲಿಸಿ ಅಂದರು. ಶಾಲೆ ಬಿಡಿಸಿದೆವು. ಬಿಡಿಸಿದ ಮೇಲೂ ಬೆಳಿಗ್ಗೆ ಸ್ಕೂಲ್ ಆಟೋ ಅಭ್ಯಾಸಬಲದಿಂದ ನಮ್ಮ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿತ್ತು. ಮಗ ಬಾಗಿಲ ಹಿಂದೆ ಅಡಗುತ್ತಿದ್ದ. ನಿಜ ಹೇಳಬೇಕೆಂದರೆ ನಾನೂ ಅಡಗುತ್ತಿದ್ದೆ. ಎದುರು ಮನೆಯವರು ಕೇಳಿದರೆ ಜ್ವರ ಅನ್ನುತ್ತಿದ್ದೆ. ಎಷ್ಟು ದಿನ ಅಂತ ಒಂದು ಮಗುವಿಗೆ ಜ್ವರ ಬರುತ್ತದೆ?

ಯಾವ ಪಠ್ಯ ಆರಿಸಬೇಕೆಂದು ನನಗೆ ತಲೆಬುಡ ತಿಳಿಯಲಿಲ್ಲ. ಅಮ್ಮ ಟೀಚರನ್ನು ನೆನಪಿಸಿದಳು. ಸರ್ವಿಸಿನ ಕೊನೆಗೆ ಅವರನ್ನು ಇಂಥ ಮಕ್ಕಳ ಕೇಂದ್ರಕ್ಕೇ ಹಾಕಿದ್ದರಂತೆ, ಅದಕ್ಕೆಂದು ಟ್ರೈನಿಂಗೂ ಕೊಟ್ಟಿದ್ದರಂತೆ. ಮೂರು ಬಗೆಯ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ.

ಟೀಚರ್ ಸೊರಗಿದ್ದರು. ಶೂ ಮಾತ್ರ ಬಾಗಿಲ ಬಳಿ ಬೆಳ್ಳಗೆ ಕೂತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಬಾರಮ್ಮ. ನಿಮ್ಮಣ್ಣ ಹೆಂಗವ್ನೆ?"

ಓದಿ ಹೆಸರು ತಂದ ನನ್ನನ್ನು ಬಿಟ್ಟು ಮೊದಲು ಅಣ್ಣನನ್ನು ಕೇಳಿದರಲ್ಲ ಅಂತ ನನಗೆ ಸಣ್ಣ ಹೊಟ್ಟೆಯುರಿಯೇ ಆಯಿತು. ಚೆನ್ನಾಗಿದ್ದಾನೆ ಅಂದು ಚೀಲ ಬಿಚ್ಚಿದೆ. ಬೆಂಗಳೂರಿನಿಂದ ತರಿಸಿದ ಇಂಗ್ಲಿಷ್ ಹೋಮ್ ಸ್ಕೂಲ್ ಕಿಟ್ಟಿನ ಮಾದರಿ, ಓಪನ್ ಸ್ಕೂಲಿನ ತೆಲುಗು ಪುಸ್ತಕ, ಒಂದನೇ ಕ್ಲಾಸಿನ ಕನ್ನಡ ಪುಸ್ತಕ. ಅವರು ಒಂದೊಂದನ್ನೂ ಹಿಂದಿನಿಂದ ತಿರುವಿದರು. ಚಿತ್ರ ನೋಡಲಿಲ್ಲ, ಪಾಠ ನೋಡಲಿಲ್ಲ.

"ಹುಡ್ಗ ತಪ್ಪು ಮಾಡಿದ್ರೆ ಏನು ಮಾಡು ಅಂತ ಬರ್ದವ್ರೆ ಇದ್ರಾಗೆ?"

ನಾನು ಅದನ್ನು ನೋಡಿರಲಿಲ್ಲ. ಇಂಗ್ಲಿಷ್ ಕಿಟ್ಟಿನಲ್ಲಿ ಪ್ರತಿ ಪಾಠದ ಕೊನೆಗೆ ಪರೀಕ್ಷೆ ಇತ್ತು. ಸರಿಯಾದರೆ ನಕ್ಷತ್ರ, ತಪ್ಪಾದರೆ ಅಳುವ ಮುಖದ ಸ್ಟಿಕ್ಕರು. ಉಳಿದೆರಡರಲ್ಲಿ ಆ ಮಾತೇ ಇರಲಿಲ್ಲ.

"ಅಳೋ ಮುಖ ಬ್ಯಾಡ ಕಣಮ್ಮ. ಅವ್ನು ಜಗಳ ಆಡೋದು ಯಾವ ಭಾಷೇಲಿ?"

"ಕನ್ನಡದಲ್ಲೇ ಟೀಚರ್."

"ಅದ್ರಾಗೇ ಶುರು ಮಾಡು. ತೆಲುಗು ಬೀದೀಲಿ ತಾನೇ ಬತ್ತದೆ, ಇಂಗ್ಲಿಷು ಸದ್ಯಕ್ಕೆ ಕಿವಿಗೆ ಬಿದ್ರೆ ಸಾಕು. ಪರೀಕ್ಷೆ ಬ್ಯಾಡ. ತಪ್ಪಾದ್ರೆ ಏನು ಮಾಡ್ಬೇಕು ಅನ್ನೋ ಪುಟ ಯಾವ ಪುಸ್ತಕದಾಗೂ ಇರಲ್ಲ, ಅದನ್ನ ನಾವೇ ಬರ್ಕೋಬೇಕು. ನಾನು ಸರ್ವಿಸೆಲ್ಲ ಅದನ್ನ ತಪ್ಪಾಗಿ ಬರ್ಕೊಂಡಿದ್ದೆ."

ಆ ಕೊನೆಯ ಮಾತು ನನಗೆ ಆಗ ನಾಟಲಿಲ್ಲ. ಹಿಂದೂಪುರಕ್ಕೆ ವಾಪಸು ಬಂದು ನನ್ನ ಗಂಡನಿಗೆ ಹೇಳಿದೆ. ಅವರು ಪೆನುಕೊಂಡದ ಬಳಿಯ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಮನೆಗೆ ಸಹೋದ್ಯೋಗಿಗಳು ಬರುತ್ತಿರುತ್ತಾರೆ. "ಒಂಬತ್ತು ವರ್ಷದೋನ ಕೈಗೆ ಒಂದನೇ ಕ್ಲಾಸಿನ ಪುಸ್ತಕ ಕೊಟ್ರೆ ನೋಡ್ದೋರು ಏನಂತಾರೆ?" ಅಂದರು. ಅವರನ್ನು ದೂರಿ ಏನು ಫಲ? ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಇಂಗ್ಲಿಷ್ ಕಿಟ್ಟು ಬಂತು. ದೊಡ್ಡ ಡಬ್ಬ, ಹೊಳೆಯುವ ರಟ್ಟು. ಬಂದವರಿಗೆ ಕಾಣುವಂತೆ ಮುಂದಿನ ಕೋಣೆಯಲ್ಲೇ ಇಟ್ಟೆ. ಒಂದನೇ ಕ್ಲಾಸಿನ ಪುಸ್ತಕವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಕಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಗನ ಪುಸ್ತಕದ ತುಂಬ ಅಳುವ ಮುಖಗಳು. ಅವನ್ನೆಲ್ಲ ಅವನು ಉಗುರಿನಲ್ಲಿ ಕೆರೆದು ಹಾಕಿದ್ದ. ಒಂದು ಬೆಳಿಗ್ಗೆ ಹಿಂದಿನ ದಿನ ಓದಿದ್ದ ಪದವನ್ನೇ ಮತ್ತೆ ಕೇಳಿದೆ. ಅವನು ಸುಮ್ಮನೆ ಕೂತ. ಮತ್ತೆ ಕೇಳಿದೆ. ನನ್ನ ಮುಖವನ್ನೇ ನೋಡಿದ. ಆಮೇಲೆ ನೋಡಿದರೆ ನನ್ನ ಎಡಗೈ ಅವನ ಮೂಗು ಹಿಡಿದಿತ್ತು, ಬಲಗೈ ಮೇಲಕ್ಕೆದ್ದಿತ್ತು. ನಾನು ಯೋಚಿಸಿ ಮಾಡಿದ್ದಲ್ಲ. ಯೋಚಿಸದೇ ಮಾಡಿದೆನಲ್ಲ ಅನ್ನುವುದೇ ನಾಚಿಕೆ. ಅಷ್ಟು ವರ್ಷ ಆ ಪಾಠ ನನ್ನ ಕೈಯಲ್ಲಿ ಹಾಗೇ ಇತ್ತು. ಕೈ ಇಳಿಸಿ ಅಡುಗೆಮನೆಗೆ ಹೋಗಿ ಟೀಚರಿಗೆ ಫೋನ್ ಮಾಡಿದೆ.

"ಟೀಚರ್, ನಾನು ಮಗನ ಮೂಗು ಹಿಡಿದೆ" ಅಂದೆ. ಬೇರೆ ಯಾರಿಗೂ ಆ ಮಾತು ಅರ್ಥವಾಗುತ್ತಿರಲಿಲ್ಲ.

"ನಾಳೆ ಬತ್ತೀನಿ. ನಿಮ್ಮಣ್ಣನ್ನೂ ಕರ್ಸು" ಅಂದರು.

ಟೀಚರ್ ಬರುತ್ತಾರೆ, ನಿನ್ನನ್ನು ನೋಡಬೇಕಂತೆ ಅಂತಷ್ಟೇ ಅಣ್ಣನಿಗೆ ಹೇಳಿದೆ. ಯಾಕೆ ಬರುತ್ತಾರೆ ಅಂತ ಹೇಳಲಿಲ್ಲ. ಅವನು ಅಂಗಡಿಯಿಂದ ನೇರ ಬಂದ, ಕೈಯಲ್ಲಿ ಗ್ರೀಸು ಹಾಗೇ ಇತ್ತು. ಅವನು ಒಳಗೆ ಕಾಲಿಟ್ಟ ಕೂಡಲೇ ಟೀಚರ್ ಕುರ್ಚಿಯಿಂದ ಎದ್ದು ನಿಂತರು. ಅವರು ಬಂದರೆ ನಾವು ಎದ್ದು ನಿಲ್ಲುವುದಷ್ಟೇ ನನಗೆ ಗೊತ್ತಿತ್ತು.

"ಕೂತ್ಕಳಿ ಮೇಡಂ, ಇದೇನು" ಅಂದ ಅಣ್ಣ ಗಾಬರಿಯಾಗಿ.

"ನಿಂಗೆ ಬುದ್ಧಿ ಕಮ್ಮಿ ಇರ್ಲಿಲ್ಲ ಕಣಪ್ಪ. ನಂಗೆ ಕಲ್ಸಕ್ಕೆ ಬರ್ಲಿಲ್ಲ. ಎಲ್ರ ಮುಂದೆ ನಿಲ್ಸಿ ನಿನ್ನ ಹೊಡೆಸ್ದೆ. ತಪ್ಪಾಯ್ತು."

ಅಣ್ಣ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಗೋಡೆ ನೋಡಿದ, ಆಮೇಲೆ ಅವನಿಗೆ ಸಲೀಸಾದ ದಾರಿ ಹಿಡಿದ. "ಬುಡಿ ಮೇಡಂ, ಯಾವ ಕಾಲದ್ದೋ. ನೀವೆಲ್ಲಿ ಹೊಡೆದ್ರಿ, ಹೊಡೆದೋಳು ಇವ್ಳು. ಏನು ಕೈ ಅಂತೀರಿ, ಒಂದು ಕೊಟ್ರೆ ಸಾಯಂಕಾಲದ ತನ್ಕ ಕಿವಿ ಗುಂಯ್ ಅಂತಿತ್ತು."

ನನ್ನ ಗಂಡ ನಕ್ಕರು. ನಾನೂ ನಕ್ಕೆ. ಟೀಚರ್ ನಗಲಿಲ್ಲ.

"ಆ ಕೈನೂ ನಂದೇ ಕಣಪ್ಪ" ಅಂದರು.

ಆಗ ನನಗೆ ಆದದ್ದು ದುಃಖವಲ್ಲ, ನಿರಾಳ. ಬರೆಯಲು ಸಂಕೋಚವಾಗುತ್ತದೆ, ಆದರೂ ಅದೇ ನಿಜ. ನನ್ನ ತಲೆಯ ಮೇಲಿದ್ದ ಮೂಟೆಯನ್ನು ಆ ಮುದುಕಿ ಇಳಿಸಿ ತಮ್ಮ ತಲೆಗೆ ಹೊತ್ತುಕೊಂಡರು, ನಾನು ಸುಮ್ಮನೆ ಇಳಿಸಗೊಟ್ಟೆ. ನಾನೂ ಒಂದು ಮಾತು ಆಡಬಹುದಿತ್ತು. ಕಾಫಿ ತರುತ್ತೇನೆ ಅಂತ ಎದ್ದು ಹೋದೆ.

ಅಣ್ಣ ಹೋದ ಮೇಲೆ ಟೀಚರ್ ಇಂಗ್ಲಿಷ್ ಕಿಟ್ಟನ್ನು ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಕಳಿಸಿದರು. ಬೀರುವಿನಿಂದ ಕನ್ನಡ ಪುಸ್ತಕ ಹೊರಗೆ ಬಂತು. "ತಪ್ಪು ಓದಿದ್ರೆ ನಿಲ್ಸಬ್ಯಾಡ. ನೀನು ಸರಿಯಾಗಿ ಓದು, ಮುಂದಕ್ಕೋಗು. ಅವ್ನು ಹಿಂದೆ ಬತ್ತಾನೆ" ಅಂದರು. ಅಷ್ಟೇ ಆ ಪುಟ. ಅಲ್ಲಿಂದಾಚೆ ತಿಂಗಳಿಗೊಂದೆರಡು ಸಲ ಬಸ್ಸು ಹಿಡಿದು ಬರುತ್ತಿದ್ದರು. ಮಗನಿಗೆ ಅಜ್ಜಿಯಾದರು. ತಾಳ್ಮೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಒಮ್ಮೆ ಅವನು ಒಂದೇ ಸಾಲನ್ನು ಮತ್ತೆ ಮತ್ತೆ ಎಡವಿದಾಗ "ಚೂಡು" ಅಂತ ಶುರುವಾಯಿತು. ಉಳಿದದ್ದು ಹೊರಗೆ ಬರುವ ಮೊದಲು ಬಾಯಿಗೆ ಕಡಲೆಕಾಯಿ ಹಾಕಿಕೊಂಡು ಅಗಿದು ನುಂಗಿದರು. ಮಗ ಬಿದ್ದು ಬಿದ್ದು ನಕ್ಕ.

ಪವಾಡವೇನೂ ಆಗಲಿಲ್ಲ. ಅವನಿಗೀಗ ಹನ್ನೊಂದು ವರ್ಷ. ಒಂದು ಪುಟ ಓದುತ್ತಾನೆ, ಬೆವರುತ್ತಾನೆ, ಇನ್ನೊಂದು ಪುಟ ನೀನು ಓದು ಅನ್ನುತ್ತಾನೆ. ಆದರೆ ಪುಸ್ತಕ ಕಂಡರೆ ಬಾಗಿಲ ಹಿಂದೆ ಹೋಗುವುದಿಲ್ಲ. ಯಾವ ಕ್ಲಾಸು ಅಂತ ಯಾರಾದರೂ ಕೇಳಿದರೆ ಆರನೇ ಕ್ಲಾಸು ಅನ್ನುವ ಸುಳ್ಳು ನನ್ನ ಬಾಯಿಂದ ಇನ್ನೂ ಬರುತ್ತದೆ. ಅವನು ಪಕ್ಕದಲ್ಲೇ ಇರುತ್ತಾನೆ, ಕೇಳಿಸಿಕೊಳ್ಳುತ್ತಾನೆ.

ಹೋದ ಚಳಿಗಾಲದಲ್ಲಿ ಟೀಚರ್ ತೀರಿಕೊಂಡರು. ಹೆಚ್ಚು ನರಳಲಿಲ್ಲವಂತೆ. ಅಣ್ಣ ಅಂಗಡಿ ಮುಚ್ಚಿ ನಮ್ಮ ಜೊತೆ ಕಲ್ಯಾಣದುರ್ಗಕ್ಕೆ ಬಂದ. ಮನೆಯ ಮುಂದೆ ಶಾಮಿಯಾನದ ಕೆಳಗೆ ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ಒಬ್ಬ ಆಫೀಸರು ತನ್ನ ಕೆನ್ನೆ ಮುಟ್ಟಿಕೊಂಡು, ಮೇಡಂ ಹೊಡೆಸಿದ ಏಟಿನಿಂದಲೇ ನಾನು ಈ ಮಟ್ಟಕ್ಕೆ ಬಂದೆ ಅಂದ. ಸುತ್ತ ಇದ್ದವರೆಲ್ಲ ಹೌದು ಹೌದು ಅಂತ ತಮ್ಮ ತಮ್ಮ ಏಟುಗಳ ಕಥೆ ತೆಗೆದರು. ಟೀಚರ್ ಕೇಳಿದ್ದರೆ ಎದ್ದು ಕೂತು ಬಯ್ಯುತ್ತಿದ್ದರೇನೋ. ಅಣ್ಣ ಹೂವು ಹಾಕಿ, ಪಾದ ಮುಟ್ಟಿ, ದೂರ ಹೋಗಿ ನಿಂತ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಅಣ್ಣ, ಈ ಕಡೆಗೆ ನಾನು, ನಡುವೆ ಮಗ. ಅವನು ಶಾಮಿಯಾನದ ಮಾತನ್ನೆಲ್ಲ ಕೇಳಿಸಿಕೊಂಡಿದ್ದ.

"ಮಾಮ, ಅಜ್ಜಿ ನಿಂಗೂ ಹೊಡೆಸ್ತಿದ್ರಾ?"

"ಹ್ಞೂಂ ಕಣ್ಲಾ. ಮೂಗು ಹಿಡ್ಕಂಡು ಕೆನ್ನೆಗೆ. ಹೊಡೀತಿದ್ದೋಳು ನಿಮ್ಮಮ್ಮ" ಅಂದ ಅಣ್ಣ. ಎಂದಿನಂತೆ ನಗುತ್ತಲೇ ಅಂದ.

"ಅಮ್ಮ ನನ್ ಮೂಗೂ ಹಿಡ್ಕಂಡಿದ್ಲು ಮಾಮ. ಕೈ ಎತ್ತಿದ್ಲು. ಹೊಡೀಲಿಲ್ಲ."

ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಅಮ್ಮ ಹೊಡೆಯಲಿಲ್ಲವೆಂಬ ಹೆಮ್ಮೆಯೇ ಇತ್ತು. ಅಣ್ಣನ ನಗು ನಿಂತಿತು. ನನ್ನ ಕಡೆ ನೋಡಲಿಲ್ಲ. ಗಾಳಿ ಬರುತ್ತದೆ ಬಾ ಅಂತ ಮಗನನ್ನು ಎತ್ತಿ ತನ್ನ ಆ ಬದಿಗೆ, ಕಿಟಕಿಯ ಪಕ್ಕಕ್ಕೆ ಕೂರಿಸಿಕೊಂಡು, ನಮ್ಮಿಬ್ಬರ ನಡುವೆ ತಾನು ಬಂದು ಕೂತ. ಹಿಂದೂಪುರ ಬರುವವರೆಗೂ ನಾನು ನನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಆ ಕೈನೂ ನಂದೇ ಅನ್ನಲು ಈಗ ಟೀಚರ್ ಇರಲಿಲ್ಲ.