ರಟ್ಟೆಗಾಗಿ ಸೇದಿದ ನೀರು

ಕಾಪುವಿನಲ್ಲಿ ನಾವಿದ್ದ ಬಿಡಾರದ ಬಾವಿ ಈಗಲೂ ನನ್ನ ಬೆಳಗಿನ ಅರೆನಿದ್ದೆಯಲ್ಲಿ ಬರುವುದುಂಟು. ಮೊದಲು ರಾಟೆಯ ಸದ್ದು, ಆಮೇಲೆ ಒದ್ದೆ ನಾರಿನ ಹಗ್ಗದ ವಾಸನೆ, ಕೊನೆಗೆ ಎಲ್ಲೋ ಆಳದಲ್ಲಿ ಒಂದು ತುಂಡು ಆಕಾಶ. ಕೊಡಪಾನ ತಾಗಿದ ಕೂಡಲೇ ಆ ಆಕಾಶ ಒಡೆದು, ಮತ್ತೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ಎಚ್ಚರವಾಗುತ್ತದೆ.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ನನ್ನ ಗಂಡನಿಗೆ ಉಡುಪಿಯಲ್ಲಿ ಕೆಲಸ. ಮಗಳಿಗೆ ನಾಲ್ಕು ವರ್ಷ. ಅವಳನ್ನು ಹೆತ್ತ ಮೇಲೆ ಏರಿದ ನನ್ನ ತೂಕ ಇಳಿದೇ ಇರಲಿಲ್ಲ. ಮೊಣಕಾಲು ನೋಯುತ್ತದೆ ಎಂದು ಮಣಿಪಾಲಕ್ಕೆ ಹೋದಾಗ ಅಲ್ಲಿನ ಲೇಡಿ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅರ್ಥವಾಯಿತು. ಅವತ್ತಿನಿಂದ ರಾತ್ರಿಯ ಅನ್ನ ಬಿಟ್ಟೆ. ಕಾಯಿ ಹಾಕಿದ ಸಾರು ಬಿಟ್ಟೆ. ಕಾರ್ಕಳದ ತವರಿಗೆ ಹೋದಾಗ ಅಮ್ಮ ಎದುರಿಗಿಟ್ಟ ಪತ್ರೊಡೆಯನ್ನೂ ಕಣ್ಣುಮುಚ್ಚಿ ದೂಡಿದೆ. ಆರು ತಿಂಗಳಲ್ಲಿ ಸೀರೆಯ ನೆರಿಗೆ ಎರಡು ಹೆಚ್ಚಾಯಿತು, ಮುಖ ಸಣ್ಣದಾಯಿತು, ಮೊಣಕಾಲು ಸುಮ್ಮನಾಯಿತು.

ಆದರೆ ರಟ್ಟೆ ಮಾತ್ರ ಜೋತು ಬಿತ್ತು. ಒಳಗಿನದ್ದು ಖಾಲಿಯಾಗಿ ಚೀಲ ಮಾತ್ರ ಉಳಿದ ಹಾಗೆ. ಕಾರ್ಕಳದ ಬಸ್ಸಿನಲ್ಲಿ ಒಮ್ಮೆ ಸೀಟು ಸಿಗದೆ ಮೇಲಿನ ಕಂಬಿ ಹಿಡಿದು ನಿಂತಿದ್ದೆ. ಯಾರದೋ ಮಡಿಲಲ್ಲಿ ಕೂತ ಮಗಳು ಕೈ ಎತ್ತಿ ನನ್ನ ತೋಳಿನಡಿಯ ಮಾಂಸವನ್ನು ಮೆಲ್ಲಗೆ ತಟ್ಟಿ, "ಅಮ್ಮಾ, ಇದು ದೋಸೆ ಹಿಟ್ಟಿನ ಹಾಗೆ ಉಂಟು" ಎಂದಳು. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಅಲ್ಲಿಂದ ಮುಂದೆ ನಾನು ಬಸ್ಸಿನಲ್ಲಿ ಕಂಬಿ ಹಿಡಿಯದೆ, ಸೀಟಿನ ಮೂಲೆಯನ್ನು ಹಿಡಿದು ಓಲಾಡುತ್ತಲೇ ಹೋಗಿಬರತೊಡಗಿದೆ.

ಮತ್ತೆ ಮಣಿಪಾಲಕ್ಕೆ ಹೋದಾಗ ನಾಚಿಕೆ ಬಿಟ್ಟು ಡಾಕ್ಟರಲ್ಲಿ ಕೇಳಿದೆ.

"ಊಟ ಬಿಟ್ಟರೆ ಕೊಬ್ಬು ಹೋಗ್ತದೆ, ಆದರೆ ಕೈ ಗಟ್ಟಿ ಆಗುದಿಲ್ಲ" ಎಂದರು ಅವರು. "ಎಳೆಯುವ, ಎತ್ತುವ, ತಳ್ಳುವ ಕೆಲಸ ಬೇಕು. ಮನೆಯಲ್ಲಿ ಬಾವಿ ಇಲ್ವಾ?"

"ಉಂಟು. ಈಗ ಪಂಪು ಹಾಕಿದ್ದಾರೆ."

"ಪಂಪಿನ ರಟ್ಟೆ ಗಟ್ಟಿಯಾಗ್ತದೆ ಹಾಗಾದ್ರೆ" ಎಂದು ನಕ್ಕುಬಿಟ್ಟರು.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಬಾವಿಕಟ್ಟೆಗೆ ಹೋದೆ. ಆ ಅಂಗಳದಲ್ಲಿ ಮೂರು ಬಿಡಾರಗಳು, ಮೂರಕ್ಕೂ ಒಂದೇ ಬಾವಿ. ಪಂಪು ಬಂದಮೇಲೆ ಹಗ್ಗವನ್ನು ಯಾರೂ ಮುಟ್ಟಿರಲಿಲ್ಲ. ಮೊದಲ ದಿನ ಹತ್ತೇ ಕೊಡ ಸೇದಿದೆ. ಬರಬರುತ್ತಾ ಇಪ್ಪತ್ತಕ್ಕೆ ಏರಿಸಿದೆ. ಸೇದಿದ ನೀರನ್ನು ಮನೆಯೊಡತಿಯ ಬಚ್ಚಲಿನ ಹಂಡೆಗೆ, ಉಳಿದದ್ದನ್ನು ತೆಂಗಿನ ಸಸಿಗಳಿಗೆ ಹೊಯ್ಯುತ್ತಿದ್ದೆ. ಇದಲ್ಲದೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಎರಡೂ ಕೈ ಗೋಡೆಗೆ ಕೊಟ್ಟು ಮೈಯನ್ನು ಮುಂದೆ ಹಿಂದೆ ತಳ್ಳುವುದು. "ಗೋಡೆ ಆಚೆ ಹೋದರೆ ಬಾಡಿಗೆ ಹೆಚ್ಚಾಗ್ತದೆ ಮಾರಾಯ್ತಿ" ಎಂದು ಗಂಡ ಹೊರಗಿನಿಂದ ಕೂಗುತ್ತಿದ್ದರು. ರಟ್ಟೆಗೆ ಒಂದು ಕಪ್ಪು ನೂಲು ಸುತ್ತಿ, ಅಳತೆಗೆ ಗಂಟು ಹಾಕಿ, ಹೊಲಿಗೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ.

ಒಂದು ವಾರವಾಗಿರಬೇಕು. ಮನೆಯೊಡತಿ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಬಾವಿಕಟ್ಟೆಗೆ ಬಂದರು. ಅರುವತ್ತು ದಾಟಿದವರು, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಪಂಪಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಎಂತ ಮಗಾ, ಹರಕೆಯಾ?"

ಈಗ ನೆನೆದರೆ ನಗು ಬರುತ್ತದೆ. 'ಅಲ್ಲ ದೊಡ್ಡಮ್ಮ, ರಟ್ಟೆ ಜೋತು ಬಿದ್ದಿದೆ' ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ನಾನು ಓದಿದ ಕಾನ್ವೆಂಟಿನಲ್ಲಿ, ಬೈತಲೆ ನೇರವಿದೆಯೇ ಎಂದು ನೋಡಿಯಾದ ಮೇಲೂ ಕನ್ನಡಿಯೆದುರು ನಿಂತರೆ ಸಿಸ್ಟರು ಹಿಂದಿನಿಂದ ಬಂದು ಕನ್ನಡಿಯನ್ನೇ ಗೋಡೆಗೆ ತಿರುಗಿಸುತ್ತಿದ್ದರು. ಸ್ವಂತ ಮೈಯ ಬಗ್ಗೆ ಯೋಚಿಸುವುದೇ ಒಂದು ತಪ್ಪು ಎಂಬುದು ನನ್ನ ನಾಲಗೆಯಲ್ಲಿ ಕೂತುಬಿಟ್ಟಿತ್ತು. ತಲೆ ತಗ್ಗಿಸಿದೆ.

"ಆಯ್ತು ಆಯ್ತು, ಹೇಳ್ಬೇಡ. ಹರಕೆ ಹೇಳಿದ್ರೆ ಫಲ ಇಲ್ಲ" ಎಂದು ದೊಡ್ಡಮ್ಮ ನನ್ನ ತಲೆ ಸವರಿ ಹೋದರು. ಎಷ್ಟು ಸುಲಭವಾಯಿತು ಎಂದು ನಾನು ಉಸಿರು ಬಿಟ್ಟೆ.

ಮೂರನೆಯ ಬಿಡಾರದಲ್ಲಿ ಒಬ್ಬ ಬ್ಯಾರಿ ಹುಡುಗಿ ತನ್ನ ಅತ್ತೆಯೊಂದಿಗೆ ಇದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ. ಮದುವೆಯಾಗಿ ಆರು ತಿಂಗಳಿಗೆ ಗಂಡ ಗಲ್ಫಿಗೆ ಹೋಗಿದ್ದ. ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿತ್ತು. ಈಗ ಮೂರು ತಿಂಗಳಿನಿಂದ ಒಂದೂ ಇಲ್ಲ. ಅತ್ತೆ ಆ ಮಾತು ಎತ್ತುತ್ತಿರಲಿಲ್ಲವಂತೆ, ಅವಳಿಗೂ ಎತ್ತಲು ಧೈರ್ಯವಿರಲಿಲ್ಲ. ಒಂದು ಮುಂಜಾನೆ ಅವಳು ತಲೆಯ ಬಟ್ಟೆಯನ್ನು ಬಿಗಿಯಾಗಿ ಹೊದ್ದು ಬಾವಿಕಟ್ಟೆಯ ಬಳಿ ಬಂದು ನಿಂತಳು.

"ಅಕ್ಕ, ನಿಮ್ಮದು ಹರಕೆ ಅಂತ ದೊಡ್ಡಮ್ಮ ಹೇಳಿದ್ರು. ನಾನು ಸಹ ಸೇದ್ಲಾ? ನಲವತ್ತೆಂಟು ದಿನ. ನಮ್ಮಲ್ಲಿಯೂ ನೇರ್ಚೆ ಅಂತ ಹರಕೆ ಉಂಟು. ನಾನೊಬ್ಬಳೇ ಇಷ್ಟು ಬೇಗ ಎದ್ದರೆ ಅತ್ತೆ ಎಂತಕ್ಕೆ ಅಂತ ಕೇಳ್ತಾರೆ. ನಿಮ್ಮೊಟ್ಟಿಗೆ ಅಂದ್ರೆ ಕೇಳುದಿಲ್ಲ."

ಆಗಲಾದರೂ ಹೇಳಬಹುದಿತ್ತು. "ಬಾ" ಎಂದೆ.

ಆ ಬೆಳಗುಗಳು ಈಗ ಒಂದರೊಳಗೊಂದು ಕರಗಿ ಒಂದೇ ದೀರ್ಘ ಬೆಳಗಿನಂತೆ ತೋರುತ್ತವೆ. ಮಳೆ ನಿಂತ ಹೊಸತು. ಅಂಗಳದ ತುಂಬ ತೆಳು ಮಂಜು. ಕಡಲು ಕಾಣುತ್ತಿರಲಿಲ್ಲ, ಆದರೆ ಮನೆಯ ಹಿಂದೆಯೇ ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಅದರ ಸದ್ದು. ನಾನೊಂದು ಕೊಡ, ಅವಳೊಂದು ಕೊಡ. ನಾನು ಎಳೆಯುವಾಗ ಅವಳು ಸುಮ್ಮನೆ ನೀರನ್ನೇ ನೋಡುತ್ತಿದ್ದಳು. ಅವಳು ಎಳೆಯುವಾಗ ತುಟಿ ಅಲುಗುತ್ತಿತ್ತು. ಅರ್ಧ ತುಳು, ಅರ್ಧ ಕನ್ನಡದಲ್ಲಿ ಒಂದೆರಡು ಮಾತು. ಗಂಡ ಚಾ ಕುಡಿಯುವಾಗ ಸೊರ್ರನೆ ಸದ್ದು ಮಾಡುತ್ತಾನೆ ಎಂದು ಒಮ್ಮೆ ಹೇಳಿದಳು. ಮೊದಮೊದಲು ಆ ಸದ್ದಿಗೆ ಸಿಟ್ಟು ಬರುತ್ತಿತ್ತಂತೆ. ಈಗ ಅತ್ತೆ ಚಾ ಕುಡಿಯುವಾಗ ಸದ್ದೇ ಇಲ್ಲದ್ದನ್ನು ಸಹಿಸಲಿಕ್ಕಾಗುವುದಿಲ್ಲವಂತೆ.

ಮಧ್ಯಾಹ್ನ ಹೊಲಿಗೆ ಡಬ್ಬಿ ತೆಗೆದು ನೂಲು ಸುತ್ತಿ ನೋಡುತ್ತಿದ್ದೆ. ಒಂದು ದಿನ ಸುತ್ತು ಗಂಟಿಗಿಂತ ಮೊದಲೇ ಮುಗಿದು ಅರ್ಧ ಬೆರಳಿನಷ್ಟು ನೂಲು ಮಿಕ್ಕಿತು. ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ಅಲುಗುವ ಆ ತುಟಿ ನೆನಪಾಗಿ ನೂಲನ್ನು ಡಬ್ಬಿಗೆ ತುರುಕಿ ಮುಚ್ಚಿಬಿಟ್ಟೆ.

ಅವಳ ಲೆಕ್ಕದ ಇಪ್ಪತ್ತನೇ ದಿನದ ಹೊತ್ತಿಗೆ ನನಗೆ ತಿಂಗಳ ಮೂರು ದಿನಗಳು ಬಂದವು. ಆ ಅಂಗಳದಲ್ಲಿ ಅಂಥ ದಿನಗಳಲ್ಲಿ ನಾವು ಬಾವಿ ಮುಟ್ಟುವ ಹಾಗಿರಲಿಲ್ಲ. ಒಳಗೆ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದವಳಿಗೆ ಬೆಳಗಾಗುವಾಗ ರಾಟೆಯ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತಾದರೂ ನಿಲ್ಲದ ಸದ್ದು. ನಿದ್ದೆಯೋ ಎಚ್ಚರವೋ ತಿಳಿಯದೆ, ಅದು ನನ್ನ ಕನಸಿನಲ್ಲೇ ತಿರುಗುತ್ತಿದೆ ಎಂದುಕೊಂಡಿದ್ದೆ.

ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಬಾವಿಕಟ್ಟೆಗೆ ಹೋದೆ. ಅವಳು ಆಗಲೇ ಅಲ್ಲಿದ್ದಳು. ಅಂಗೈಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದಳು.

"ಎಂತ ಆಯ್ತು ಕೈಗೆ?"

"ಬೊಕ್ಕೆ ಎದ್ದು ಒಡೆಯಿತು. ನಿಮ್ಮ ಪಾಲಿನದ್ದನ್ನೂ ನಾನೇ ಸೇದಿದೆ ಅಕ್ಕ. ಮಧ್ಯದಲ್ಲಿ ಹರಕೆ ತುಂಡಾಗಬಾರದಲ್ಲ?"

ಬಟ್ಟೆಗೆ ಹಳದಿ ನೀರು ಹತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಇನ್ನು ಬಾಯಿಮುಚ್ಚಿ ನಿಲ್ಲಲಾಗಲಿಲ್ಲ. ಹೇಳಿಬಿಟ್ಟೆ. ಹರಕೆ ಇಲ್ಲ, ಇರಲೇ ಇಲ್ಲ. ಡಾಕ್ಟರು ಹೇಳಿದ್ದು, ಬಸ್ಸಿನಲ್ಲಿ ಮಗಳು ಹೇಳಿದ್ದು, ಎಲ್ಲ.

"ರಟ್ಟೆಗಾ?"

"ಹೌದು."

ಅವಳು ನನ್ನ ತೋಳನ್ನು ನೋಡಿದಳು. ಅಷ್ಟು ಹೊತ್ತು ಯಾರೂ ನನ್ನ ತೋಳನ್ನು ನೋಡಿದ್ದಿಲ್ಲ.

"ಆ ಮೂರು ದಿನ ನಾನು ಸೇದಿದ ಅರುವತ್ತು ಕೊಡ ಹಾಗಾದ್ರೆ ಎಂತಕ್ಕೆ?"

ಅವಳು ಹಗ್ಗವನ್ನು ಕಂಬಕ್ಕೆ ಸುತ್ತಿ ಒಳಗೆ ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡೂ ದಿನ ನಾನು ನಲವತ್ತು ಕೊಡ ಸೇದಿದೆ. ನನ್ನ ಇಪ್ಪತ್ತು ಮೊದಲು, ಆಮೇಲೆ ಅವಳ ಇಪ್ಪತ್ತು. ಅವಳದ್ದನ್ನು ಸೇದುವಾಗ, ನೋಡೇ ಇರದ ಆ ಗಂಡಸು ಎಲ್ಲೋ ದೂರದ ಮರಳಿನೂರಿನಲ್ಲಿ ಸೊರ್ರನೆ ಚಾ ಕುಡಿಯುತ್ತಿರಲಿ ಎಂದು ಒಂದೊಂದು ಕೊಡಕ್ಕೂ ನೆನೆದೆ. ಕಾನ್ವೆಂಟಿನ ಪ್ರಾರ್ಥನೆಗಳು ನನಗೆ ಬಾಯಿಪಾಠ ಬರುತ್ತಿದ್ದವು, ಆದರೆ ಆ ಹೊತ್ತಿಗೆ ಅವು ಯಾವುವೂ ಒದಗಲಿಲ್ಲ. ಚಾ ಕುಡಿಯಲಿ, ಚಾ ಕುಡಿಯಲಿ. ಅಷ್ಟೇ.

ಮೂರನೆಯ ಬೆಳಗು ಅವಳು ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಕಟ್ಟೆಯ ಬಳಿಗೆ ಬಂದಳು.

"ಎಷ್ಟನೆಯ ಕೊಡ?"

"ಇಪ್ಪತ್ತೊಂದು."

"ಇದು ಯಾರ ಲೆಕ್ಕದ್ದು?"

"ನಿನ್ನದು."

ಅವಳು ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು. "ನನ್ನದು ನಾನೇ ಸೇದ್ತೇನೆ. ನೀವು ನಿಮ್ಮ ರಟ್ಟೆಗೆ ಸೇದಿ. ರಟ್ಟೆಗೆ ಅಂತ ಹೇಳಿಯೇ ಸೇದಿ." ದನಿಯಲ್ಲಿ ಸಿಟ್ಟು ಇತ್ತು. ಆದರೆ ಬಂದಿದ್ದಳು.

ಅದರ ನಂತರ ನಮ್ಮ ನಡುವೆ ಮಾತು ಮೊದಲಿನಷ್ಟು ನಯವಾಗಿರಲಿಲ್ಲ. ನಾನು ಎರಡು ಕೊಡಕ್ಕೊಮ್ಮೆ ಉಸಿರು ತೆಗೆದುಕೊಳ್ಳಲು ನಿಂತರೆ, "ಎಂತಕ್ಕ, ಹಿಟ್ಟು ಹುಳಿ ಬರ್ಲಿಕ್ಕೆ ಇಟ್ಟಿದ್ದೀರಾ?" ಎಂದು ಕುಟುಕುತ್ತಿದ್ದಳು. ನನಗೆ ಅದು ಹಿತವಾಗಿಯೇ ಇತ್ತು.

ಅವಳ ಮೂವತ್ತೊಂಬತ್ತನೇ ದಿನ ಮಧ್ಯಾಹ್ನ ಕಾಗದ ಬಂತು. ಓಡಿ ಬರಲಿಲ್ಲ ಅವಳು. ಅಂಗಳ ದಾಟಿ ಮೆಲ್ಲಗೆ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು, "ಕೆಲಸ ಬೇರೆ ಕಡೆಗಂತೆ. ಅಲ್ಲಿಂದ ಕಳಿಸಿದ ಎರಡು ಕಾಗದ ಎಲ್ಲಿ ಹೋಯಿತೋ. ಜೀವಕ್ಕೆ ಎಂತ ತೊಂದರೆ ಇಲ್ಲ" ಎಂದಳು. ಆಮೇಲೆ ಮೊಣಕಾಲಿಗೆ ಮುಖ ಕೊಟ್ಟು ಅತ್ತಳು. ಒಲೆಯ ಮೇಲಿನ ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಮರುದಿನ ಬೆಳಗಿಗೆ ಅವಳು ಬರಲಿಕ್ಕಿಲ್ಲ ಎಂದುಕೊಂಡು ನಾನು ಸ್ವಲ್ಪ ಹೆಚ್ಚೇ ಮಲಗಿದೆ. ರಾಟೆಯ ಸದ್ದಿಗೆ ಎದ್ದು ಹೊರಗೆ ಬಂದರೆ ಮಂಜಿನಲ್ಲಿ ಅವಳ ಬಿಳಿಯ ತಲೆಬಟ್ಟೆ ಮಾತ್ರ ಏಳುತ್ತಾ ಇಳಿಯುತ್ತಾ ಇತ್ತು.

"ಕಾಗದ ಬಂತಲ್ಲ, ಮತ್ತೆ ಯಾಕೆ?"

"ಬಂತು ಅಂತ ಬಿಟ್ಟುಬಿಡ್ಲಿಕ್ಕೆ ಆಗ್ತದಾ? ಇನ್ನೂ ಒಂಬತ್ತು ದಿನ ಉಂಟು" ಎಂದು ತುಂಬಿದ ಕೊಡಪಾನವನ್ನು ಕಟ್ಟೆಯ ಮೇಲಿಟ್ಟು, ಎರಡು ಬೆರಳಿನಿಂದ ನನ್ನ ತೋಳಿನಡಿಯನ್ನು ತಟ್ಟಿ ನೋಡಿದಳು. "ಹಿಡೀರಿ ಹಗ್ಗ. ನಿಮ್ಮದು ಇನ್ನೂ ಅಲ್ಲಾಡ್ತಾ ಉಂಟು."