ಸದ್ದಿಲ್ಲದೆ ಹೆರುವ ಮನೆತನ

ಕಳೆದ ಮಂಗಳವಾರ ಹೆರಿಗೆ ವಾರ್ಡಿನಲ್ಲಿ ನಾನು ಕಿರುಚಿದೆ. ಹೆರುತ್ತಿದ್ದವಳು ನಾನಲ್ಲ, ನನ್ನ ಮೊಮ್ಮಗಳು ಸ್ನೇಹಾ.

ಇದೇನು ಮುದುಕಿಯ ಹುಚ್ಚು ಎನ್ನುತ್ತೀರಾ? ಮನೆಯವರೂ ಅದನ್ನೇ ಎನ್ನುತ್ತಿದ್ದಾರೆ. ಕೇಳಿ.

ನಾಗಪುರದ ಆ ಆಸ್ಪತ್ರೆಯಲ್ಲಿ ಹೆರುವವಳ ಜೊತೆ ಒಬ್ಬ ಹೆಂಗಸನ್ನು ಮಾತ್ರ ಒಳಗೆ ಬಿಡುತ್ತಾರೆ. ಸ್ನೇಹಾಳ ತಾಯಿಗೆ, ಅಂದರೆ ನನ್ನ ಮಗಳಿಗೆ, ರಕ್ತ ಕಂಡರೆ ತಲೆ ತಿರುಗುತ್ತದೆ. (ಎರಡು ಹೆತ್ತವಳು ಇವಳು.) ಹೀಗಾಗಿ ನಾನು ಹೋದೆ. ಬಾಗಿಲಲ್ಲೇ ಮಗಳು ಸ್ನೇಹಾಳಿಗೆ ಹೇಳಿ ಕಳಿಸಿದಳು, "ಒದರಬ್ಯಾಡವಾ. ಹೊರಗ ನಿಮ್ಮ ಮಾವನವ್ರು ಕುಂತಾರ. ನಮ್ಮ ಮನೆತನದಾಗ ಯಾರೂ ಒದರಿ ಹಡದಿಲ್ಲ. ಬೇಕಾದ್ರ ಅಜ್ಜೀನ್ನ ಕೇಳು."

ಅಜ್ಜಿಯಾದ ನಾನು ಹೌದೆಂದು ತಲೆಯಾಡಿಸಿದೆ. ಅದೇ ತಪ್ಪು.

ಪಕ್ಕದ ಮಂಚದಲ್ಲಿ ಕಳಮೇಶ್ವರದ ಒಬ್ಬ ಮರಾಠಿ ಹುಡುಗಿ. ಅವಳು ಕೂಗಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಅವಳ ತಾಯಿ ಬೆನ್ನು ತಿಕ್ಕುತ್ತ "ಓರಡ ಬಾಳಾ, ಓರಡ" ಎನ್ನುತ್ತಿದ್ದಳು. ಕೂಗು ಮಗಳೇ, ಕೂಗು ಅಂತ. ಎಂಥ ನಾಚಿಕೆಗೆಟ್ಟ ಜನ ಎಂದುಕೊಂಡೆ. ಅವಳು ಮೂರು ಸಲ ಕೂಗಿದಳು. ಮೂರು ಸಲವೂ ಸಿಸ್ಟರ್ ಓಡಿ ಬಂದು ನೋಡಿದಳು.

ನಮ್ಮವಳು ಓಡ್ನಿಯ ತುದಿ ಕಚ್ಚಿಕೊಂಡು ಮಲಗಿದ್ದಳು. ಸಿಸ್ಟರ್ ದೂರದಿಂದಲೇ ನೋಡಿ, "ಯೆ ತೋ ಶಾಂತ್ ಹೈ, ಅಭೀ ಟೈಮ್ ಹೈ" ಎಂದು ಹೊರಗೆ ಹೋದಳು. ಇವಳು ಸುಮ್ಮನಿದ್ದಾಳೆ, ಇನ್ನೂ ಹೊತ್ತಿದೆ ಅಂತ.

ನಾನು ಸ್ನೇಹಾಳ ಕೈ ನೋಡಿದೆ. ಮಂಚದ ಸರಳು ಹಿಡಿದ ಬೆರಳು ಬೆಳ್ಳಗಾಗಿದ್ದವು. ಕಾಲು ನಡುಗುತ್ತಿದ್ದವು. ಟೈಮ್ ಎಲ್ಲಿದೆ?

ನನ್ನ ಮೊದಲ ಹೆರಿಗೆಯನ್ನು ಮನೆಯಲ್ಲಿ ಇಂದಿಗೂ ಹೊಗಳುತ್ತಾರೆ. ಗದಗಿನ ಕಡೆಯ ಹಳ್ಳಿ. ಸೆರಗು ಕಚ್ಚಿ ಹೆತ್ತೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಗಂಡಸರಿಗೆ ಗೊತ್ತೇ ಆಗಲಿಲ್ಲವಂತೆ. ಅಡುಗೆಮನೆಯಲ್ಲಿದ್ದ ಅತ್ತೆಗೂ ಗೊತ್ತಾಗಲಿಲ್ಲ. ಅದಕ್ಕೇ ಸೂಲಗಿತ್ತಿ ಹೊತ್ತಿಗೆ ಬರಲಿಲ್ಲ. ಆ ಕೂಸು ಉಳಿಯಲಿಲ್ಲ. ಹೊಗಳುವವರು ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ.

"ಒದರು" ಎಂದೆ.

"ಮಾವನವ್ರು ಕುಂತಾರ, ಅಜ್ಜಿ."

"ಅವರೇನು ಹಡಿತಾರೇನು? ಒದರು."

"ಬರವಲ್ದು, ಅಜ್ಜಿ."

ಬಾಯಿ ಮುಚ್ಚುವುದನ್ನು ಎಷ್ಟು ಬರೋಬರ್ ಕಲಿಸಿದ್ದೇವೆ ನೋಡಿ.

ಹಾಗಾಗಿ ನಾನೇ ಕಿರುಚಿದೆ. ಸಣ್ಣದಾಗಿ ಅಲ್ಲ, ಹೊಟ್ಟೆಯೊಳಗಿಂದ. ಅಷ್ಟು ವರ್ಷದ ಹಿಂದೆ ಕಿರುಚಬೇಕಾಗಿದ್ದೂ ಅದರಲ್ಲಿ ಇತ್ತೇನೋ. ಸಿಸ್ಟರ್ ಓಡಿ ಬಂದಳು, ಅವಳ ಹಿಂದೆ ಡಾಕ್ಟರ್.

"ಕ್ಯಾ ಹುಆ ಆಜಿ? ಡಿಲಿವರಿ ಆಪ್ ಕೀ ಹೈ?" ಎಂದಳು ಸಿಸ್ಟರ್. ಹೆರಿಗೆ ನಿಮ್ಮದೇನು ಅಂತ.

"ಪೆಹಲೆ ಇಸ್ಕೋ ದೇಖ್" ಎಂದೆ, ಮೊದಲು ಇವಳನ್ನು ನೋಡು ಅಂತ. (ನನ್ನ ಹಿಂದಿ ಇಷ್ಟೇ. ಸಾಕಾಯಿತು.)

ಚಾದರ ಸರಿಸಿ ನೋಡಿದವಳು ಗಡಬಡಿಸಿ ಕೈಗವಸು ಹಾಕಿಕೊಂಡಳು. ಮಗುವಿನ ತಲೆ ಕಾಣುತ್ತಿತ್ತು.

ಹೆಣ್ಣು. ಹುಟ್ಟಿದ್ದೇ ಎಂಥ ಕೂಗು ಅಂತೀರಿ. ಹೊರಗೆ ಕುಳಿತ ಮಾವನವರು "ಆವಾಜ್ ಚಲೋ ಐತಿ" ಎಂದು ನಕ್ಕು, ಎಲ್ಲರಿಗೂ ಪೇಢೆ ಹಂಚಿಸಿದರು. ನನ್ನ ಕೈಗೆ ಪೇಢೆ ಇಡುವಾಗ ಮಗಳು ಕಿವಿಯಲ್ಲಿ ಹೇಳಿದಳು, "ಬೀಗರ ಮುಂದ ಮಾನ ಕಳದಿ, ಯವ್ವಾ."

ಹುಟ್ಟಿದ ಹೆಣ್ಣು ಕೂಗಿದರೆ ಪೇಢೆ. ಹೆರುವ ಹೆಣ್ಣು ಕೂಗಿದರೆ ಮಾನ ಹೋಯಿತು. ನಡುವೆ ಯಾವ ದಿನದಿಂದ ಬಾಯಿ ಮುಚ್ಚಬೇಕು, ಯಾರಾದರೂ ಹೇಳುತ್ತೀರಾ?