ಎಡಗಡೆಯ ಚಪ್ಪಟೆ ಬಂಡೆ

ಗುಡ್ಡದ ಬುಡದಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾದರೂ ಅವನು ಒಮ್ಮೆಯೂ ಗುಡ್ಡ ಹತ್ತಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಏಣಿಯ ನಾಲ್ಕನೇ ಮೆಟ್ಟಿಲಿಗೇ ತಲೆ ಸುತ್ತುವ ಆಸಾಮಿ! ಆದರೆ ಬಾಯಿಗೇನು ಎತ್ತರದ ಭಯವೇ? ಸವೆದ ಅಟ್ಟೆ ನೋಡಿಯೇ ಯಾವ ತಿರುವಿನಲ್ಲಿ ಜಲ್ಲಿಯಿದೆ, ಎಲ್ಲಿ ಜಾರುತ್ತದೆ ಎಂದು ಹೇಳಿಬಿಡುತ್ತಿದ್ದ. ಉಳಿದದ್ದನ್ನು ಗಿರಾಕಿಗಳ ಮಾತಿನಿಂದ ಹೆಕ್ಕಿ ಜೋಡಿಸಿದ್ದ. "ತುದೀಲಿ ಎಡಗಡೆ ಚಪ್ಪಟೆ ಬಂಡೆ ಇದೆ. ಅಲ್ಲಿ ಕೂತ್ರೆ ಸರೋವರ, ಬೆಟ್ಟದ ಸಾಲು ಎರಡೂ ಕಾಣತ್ತೆ," ಎಂದು ಹೊಲಿಗೆ ಹಾಕುತ್ತಲೇ ಹೇಳಿ ಕಳಿಸುತ್ತಿದ್ದ. ವಾರಾವಾರ ಹತ್ತುವವನೆಂದೇ ಎಲ್ಲರೂ ನಂಬಿದ್ದರು.

ಹೋದ ವಾರ ಒಬ್ಬ ಟೀಚರಮ್ಮ ಬೂಟನ್ನು ಮೇಜಿನ ಮೇಲಿಟ್ಟು, "ನೀವು ಹೇಳಿದ ಬಂಡೆ ಮೇಲೇ ಅರ್ಧ ಗಂಟೆ ಕೂತಿದ್ದೆ. ಸರೋವರ ಎಲ್ರೀ?" ಎಂದರು. ತಪ್ಪನ್ನು ಮಂಜಿನ ಮೇಲೆ ಹೊರಿಸಿ ಪಾರಾದ. ಪಾರಾದನೇನೋ ಸರಿ, ಮೂರು ದಿನ ಊಟ ಸೇರಲಿಲ್ಲ.

ರಜೆಯ ದಿನ ಬಿಸಿಲು ಬಿದ್ದದ್ದೇ ತಡ, ಬೂಟಿನ ಲೇಸು ಬಿಗಿದ.

"ಈ ವಯಸ್ಸಲ್ಲಿ ಯಾಕ್ರೀ ಬೇಕು? ಬಂಡೆ ವಿಷಯ ಹೇಳೋದು ಬಿಟ್ಬಿಡಿ, ಆಯ್ತು," ಎಂದಳು ಹೆಂಡತಿ.

"ನೂರಾರು ಜನಕ್ಕೆ ಹೇಳಿದೀನಿ ಕಣೇ. ನಿಜವೋ ಸುಳ್ಳೋ ನೋಡ್ಲೇಬೇಕು."

"ಹಾಗಾದ್ರೆ ನಾನೂ ಬರ್ತೀನಿ. ಬಿದ್ರೆ ಎತ್ತೋಕೆ ಯಾರಾದ್ರೂ ಬೇಕಲ್ಲ."

ಅರ್ಧದವರೆಗೆ ಹುಲ್ಲುಹಾದಿ, ಸಲೀಸು. ಆಮೇಲೆ ದಾರಿ ಗುಡ್ಡದ ಅಂಚಿಗೆ ಬಂತು. ಒಂದು ಮಗ್ಗುಲಿಗೆ ಬರೀ ಗಾಳಿ. ಅವನು ಕಣ್ಣು ಮುಚ್ಚಿ ದಾರಿಯ ಒಳಮಗ್ಗುಲಿಗೆ ಅಂಟಿ ಕೂತುಬಿಟ್ಟ. "ವಾಪಸ್ ಹೋಗೋಣ ಬನ್ನಿ," ಎಂದು ಹೆಂಡತಿ ಅಂದಾಗ ಅವನಿಗೆ ಸಿಟ್ಟೇ ಬಂತು. ಎದ್ದು ಅವಳನ್ನೇ ಮುಂದೆ ಬಿಟ್ಟು, ಅವಳ ಬೂಟಿನ ಹಿಮ್ಮಡಿಗೆ ಕಣ್ಣು ನೆಟ್ಟು, ಕೆಲವೆಡೆ ಮಗುವಿನಂತೆ ಅಂಬೆಗಾಲಿಟ್ಟು ಹತ್ತಿದ. ಊರವರ ಬೂಟೆಲ್ಲ ಸರಿಮಾಡುವವನ ಹೆಂಡತಿಯ ಎಡ ಹಿಮ್ಮಡಿ ಸವೆದು ಓರೆಯಾಗಿತ್ತು. ಅದನ್ನು ಕಂಡು ನಾಚಿಕೆಯಾಯಿತು.

ತುದಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಎಡಗಡೆ ಬಂಡೆ ಇತ್ತು, ಚಪ್ಪಟೆಯಾಗಿಯೇ. ಅಲ್ಲಿಂದ ಬೆಟ್ಟದ ಸಾಲೇನೋ ಕಂಡಿತು, ಸರೋವರಕ್ಕೆ ಮಾತ್ರ ಗುಡ್ಡದ ದಿಬ್ಬವೇ ಅಡ್ಡ. ಬಲಕ್ಕೆ ಮೂವತ್ತು ಹೆಜ್ಜೆ ನಡೆದು ನೋಡಿದ. ಬೆಟ್ಟಗಳನ್ನೆಲ್ಲ ನೀರಿನಲ್ಲಿ ತಲೆಕೆಳಗಾಗಿಸಿಕೊಂಡು ಸರೋವರ ಉದ್ದಕ್ಕೂ ಹೊಳೆಯುತ್ತಿತ್ತು. ಅವನಿಗೆ ಅಳು ಬಂತು. ಇದನ್ನು ಎಷ್ಟು ಜನರಿಗೆ ತಪ್ಪಿಸಿಬಿಟ್ಟೆ!

ಹಿಂದೆ ಮಾತು ಕೇಳಿ ತಿರುಗಿದ. ಈಗಷ್ಟೇ ಹತ್ತಿ ಬಂದ ವಯಸ್ಸಾದ ದಂಪತಿ ಎಡಗಡೆಯ ಬಂಡೆಯ ಮೇಲೆ ಚೀಲ ಇಟ್ಟು ಕೂತಿದ್ದರು.

"ಇಲ್ಲಿಂದ್ಲೇ ಎರಡೂ ಕಾಣತ್ತೆ, ಸ್ವಲ್ಪ ತಾಳು," ಎಂದು ಗಂಡ ಸಮಾಧಾನ ಹೇಳುತ್ತಿದ್ದ. "ಕೆಳಗಿನ ಬೂಟು ರಿಪೇರಿಯವರು ನಮ್ಮಣ್ಣನಿಗೆ ಹೇಳಿದ್ರಂತೆ. ಅವರು ಸುಮ್ಸುಮ್ನೆ ಹೇಳ್ತಾರಾ?"

ಅವರಿಗೆ ಇವನ ಮುಖಪರಿಚಯವಿರಲಿಲ್ಲ. ಏನೂ ಗೊತ್ತಿಲ್ಲದವನಂತೆ ಇಳಿದು ಹೋಗಬಹುದಿತ್ತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನೆಟ್ಟಗೆ ಹೋಗಿ ಅವರ ಮುಂದೆ ನಿಂತ.

"ಆ ರಿಪೇರಿಯವನು ನಾನೇ ಸ್ವಾಮಿ. ಗುಡ್ಡ ಹತ್ತಿದ್ದು ಇವತ್ತೇ ಮೊದಲು. ಹೇಳಿದ್ದೆಲ್ಲಾ ಅವರಿವರ ಹತ್ರ ಕೇಳಿದ್ದು. ಏಳಿ, ಸರೋವರ ಈ ಕಡೆ ಇದೆ," ಎಂದು ಅವರ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡ.